ಎರಡು ವರ್ಷದ ನೌಕರಿಗೆ ಮೂರು ವರ್ಷದ ಲೀಸ್: ಜರ್ಮನಿಗೆ ಹೊರಟವರ ಕಾರಿನ ಪ್ರಶ್ನೆ

ಪ್ರಶ್ನೆ: ನಾನು ಶಿರಸಿ ತಾಲೂಕಿನವನು. ಬೆಂಗಳೂರಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಬರುವ ಆಗಸ್ಟ್‌ನಲ್ಲಿ ಕಂಪನಿ ನನ್ನನ್ನು ಜರ್ಮನಿಯ ಷ್ಟುಟ್‌ಗಾರ್ಟ್ ಕಚೇರಿಗೆ ಎರಡು ವರ್ಷದ ಮಟ್ಟಿಗೆ ಕಳಿಸುತ್ತಿದೆ. ನೌಕರಿಯ ಒಪ್ಪಂದ ಮತ್ತು ಸಂಬಳದ ಲೆಕ್ಕ ಇಲ್ಲಿಯ ಕಂಪನಿಯಲ್ಲೇ ಇರುತ್ತದೆ. ಅವಧಿ ವಿಸ್ತರಣೆಯಾಗಲೂಬಹುದು ಎನ್ನುತ್ತಾರೆ. ಹೆಂಡತಿ ಮತ್ತು ಐದು ವರ್ಷದ ಮಗಳು ನವೆಂಬರ್‌ನಲ್ಲಿ ಬರುತ್ತಾರೆ. ಮನೆ ಸಿಕ್ಕಿರುವುದು ಕಚೇರಿಯಿಂದ 26 ಕಿ.ಮೀ. ದೂರದ ಊರಿನಲ್ಲಿ. ದೇವಿಮನೆ ಘಟ್ಟದಲ್ಲಿ ಹದಿಮೂರು ವರ್ಷ ಕಾರು ಓಡಿಸಿದ್ದೇನೆ, ಒಂದು ಅಪಘಾತವೂ ಆಗಿಲ್ಲ. ಅಲ್ಲಿರುವ ಗೆಳೆಯ ಹೇಳುವ ಪ್ರಕಾರ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಒಂದು ವರ್ಷ ಚಿಂತೆಯಿಲ್ಲ, ಕಾರು ಕೊಳ್ಳುವುದಕ್ಕಿಂತ ಲೀಸ್ ಅಗ್ಗ, ಬೇಡವಾದಾಗ ವಾಪಸ್ ಕೊಟ್ಟರಾಯಿತು. ತಿಂಗಳಿಗೆ 249 ಯೂರೋ, 36 ತಿಂಗಳು, ವರ್ಷಕ್ಕೆ 10,000 ಕಿ.ಮೀ., ಮುಂಗಡ 2,500 ಯೂರೋ ಎಂಬ ಜಾಹೀರಾತನ್ನೂ ಕಳಿಸಿದ್ದಾನೆ. ನನ್ನ ಲೈಸೆನ್ಸಿನ ಅವಧಿ ಬರುವ ಮಾರ್ಚಿಗೆ ಮುಗಿಯುತ್ತದೆ. ಹೆಂಡತಿಗೂ ಲೈಸೆನ್ಸ್ ಇದೆ. ಪುಟ್ಟ ಮಗುವನ್ನು ಇಟ್ಟುಕೊಂಡು ಕಾರಿಲ್ಲದೆ ಅಲ್ಲಿಯ ಚಳಿಗಾಲ ಕಳೆಯುವುದು ಹೇಗೆಂಬ ಆತಂಕ. ಅಲ್ಲಿಗೆ ಹೋದ ಮೊದಲ ವಾರವೇ ಲೀಸ್‌ಗೆ ಸಹಿ ಹಾಕಬಹುದೇ?

ಉತ್ತರ: ನಿಮ್ಮ ಆತಂಕ ಸಹಜವಾದದ್ದೇ. ಹೊಸ ದೇಶ, ಹೊಸ ಮನೆ, ನವೆಂಬರ್‌ನ ಚಳಿ, ಕೈ ಹಿಡಿದ ಮಗು, ಇವೆಲ್ಲ ಒಟ್ಟಿಗೆ ಎದುರಾದಾಗ ಕಾರೊಂದಿದ್ದರೆ ಅರ್ಧ ಭಾರ ಇಳಿಯಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಓಡಿಸಬಹುದೇ ಎಂಬುದೂ ಲೀಸ್ ಪಡೆಯಬಹುದೇ ಎಂಬುದೂ ಬೇರೆ ಬೇರೆ ಪ್ರಶ್ನೆಗಳು, ಮತ್ತು ನಿಮ್ಮ ವಿಷಯದಲ್ಲಿ ಇವೆರಡರಲ್ಲಿ ಯಾವುದು ಮೊದಲು ಎಂಬುದರ ಮೇಲೆಯೇ ಹೆಚ್ಚಿನದು ನಿಂತಿದೆ. ಕಾರವಾರಕ್ಕೆ ಮರಳುವ ಮುನ್ನ ಹನ್ನೊಂದು ವರ್ಷ ನಾನು ಜರ್ಮನಿಯಲ್ಲಿ ಲೀಸ್ ಅವಧಿ ಮುಗಿದು ಬರುವ ಕಾರುಗಳ ಪರಿಶೀಲನೆಯ ಕೆಲಸದಲ್ಲಿದ್ದೆ. ನಮ್ಮವರು ಹಣ ಕಳೆದುಕೊಂಡದ್ದನ್ನು ಕಂಡದ್ದು ಹೆಚ್ಚಾಗಿ ಅಪಘಾತದಿಂದಲ್ಲ, ಕಾಗದಪತ್ರಗಳಲ್ಲಿರುವ ದಿನಾಂಕಗಳು ಒಂದಕ್ಕೊಂದು ಹೊಂದದೆ ಹೋದದ್ದರಿಂದ. ನಿಮ್ಮ ಪತ್ರದಲ್ಲೂ ಹೊಂದದ ದಿನಾಂಕಗಳಿವೆ.

ಮೊದಲು ಪರ್ಮಿಟ್ಟಿನ ಮಾತು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ ಒಂದು ವರ್ಷ ಊರ್ಜಿತ ಎಂಬುದು ನಿಜ. ಅದರಿಂದ ಒಂದು ವರ್ಷ ಜರ್ಮನಿಯಲ್ಲಿ ಓಡಿಸಬಹುದು ಎಂಬ ತೀರ್ಮಾನ ಮಾತ್ರ ತಪ್ಪು. ಆ ಪುಸ್ತಿಕೆ ಸ್ವತಂತ್ರ ಲೈಸೆನ್ಸ್ ಅಲ್ಲ, ನಿಮ್ಮ ಭಾರತದ ಲೈಸೆನ್ಸಿನಲ್ಲಿ ಏನಿದೆ ಎಂಬುದನ್ನು ಬೇರೆ ಭಾಷೆಗಳಲ್ಲಿ ಹೇಳುವ ಜೊತೆಗಾರ ದಾಖಲೆ. ಮೂಲ ಲೈಸೆನ್ಸಿಗೆ ಅಲ್ಲಿ ಎಷ್ಟು ಕಾಲ ಮಾನ್ಯತೆಯಿದೆಯೋ ಅದಕ್ಕಿಂತ ಒಂದು ದಿನ ಹೆಚ್ಚಿನ ಮಾನ್ಯತೆಯನ್ನೂ ಅದು ತಂದುಕೊಡುವುದಿಲ್ಲ. ಪ್ರವಾಸಕ್ಕೆ ಹೋಗಿ ಹದಿನೈದು ದಿನ ಕಾರು ಬಾಡಿಗೆಗೆ ಪಡೆಯುವವರಿಗೂ ಅಲ್ಲಿ ವಾಸಕ್ಕೆ ಹೋಗುವವರಿಗೂ ಕಾನೂನು ಒಂದೇ ಅಲ್ಲ. ನಿಮ್ಮ ಗೆಳೆಯ ಇವೆರಡನ್ನು ಬೆರೆಸಿದ್ದಾರೆ.

ಜರ್ಮನಿಯ ಚಾಲನಾ ಪರವಾನಗಿ ನಿಯಮಾವಳಿಯ ಪ್ರಕಾರ, ಐರೋಪ್ಯ ಒಕ್ಕೂಟದ ಹೊರಗಿನ ದೇಶದ ಲೈಸೆನ್ಸ್ ಹೊಂದಿದವರು ಅಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳು ಮಾತ್ರ ಆ ಲೈಸೆನ್ಸಿನ ಮೇಲೆ ವಾಹನ ಓಡಿಸಬಹುದು. ಅರ್ಜಿ ಹಾಕಿದರೆ ಇನ್ನೂ ಆರು ತಿಂಗಳವರೆಗೆ ವಿಸ್ತರಿಸುವ ಅವಕಾಶವಿದೆ, ಆದರೆ ಒಟ್ಟು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ವಾಸಿಸುವುದಿಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಟ್ಟವರಿಗೆ ಮಾತ್ರ. ಎರಡು ವರ್ಷದ ನಿಯೋಜನೆಯ ಪತ್ರ ಕೈಯಲ್ಲಿರುವ ನಿಮಗೆ ಆ ಬಾಗಿಲು ತೆರೆಯದು. ಆಗಸ್ಟ್‌ನಲ್ಲಿ ಹೋದರೆ ಫೆಬ್ರವರಿಗೆ ನಿಮ್ಮ ಅವಧಿ ಮುಗಿಯುತ್ತದೆ. ನವೆಂಬರ್‌ನಲ್ಲಿ ಬರುವ ನಿಮ್ಮ ಪತ್ನಿಯ ಆರು ತಿಂಗಳು ಬೇರೆಯೇ, ಅದು ಮೇ ತಿಂಗಳವರೆಗೆ ನಡೆಯುತ್ತದೆ. ನಡುವೆ ಒಮ್ಮೆ ಊರಿಗೆ ಬಂದು ಹೋದರೆ ಅಥವಾ ಫ್ರಾನ್ಸಿನ ಗಡಿ ದಾಟಿ ಮರಳಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ ಎಂದು ನಂಬಿದವರು ಬಹಳ ಜನ. ಲೆಕ್ಕ ಹಿಡಿಯುವುದು ವಾಸವನ್ನು, ಪಾಸ್‌ಪೋರ್ಟಿನ ಮೊಹರನ್ನಲ್ಲ.

ಅವಧಿ ಮೀರಿದ ಮೇಲೂ ಓಡಿಸಿದರೆ ಏನಾಗುತ್ತದೆ? ಪೊಲೀಸರು ತಡೆಯುವುದೇ ಅಪರೂಪ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದೀತು, ಅದು ಸುಳ್ಳೂ ಅಲ್ಲ. ಕಾರವಾರದಿಂದ ಅಂಕೋಲೆಗೆ ಹೋಗುವಷ್ಟರಲ್ಲಿ ಇಲ್ಲಿ ಕಾಣುವಷ್ಟು ತಪಾಸಣೆ ಅಲ್ಲಿ ತಿಂಗಳಿಗೊಮ್ಮೆಯೂ ಕಾಣದಿರಬಹುದು. ತೊಂದರೆ ಹೊರಬೀಳುವುದು ಸಣ್ಣದೊಂದು ಅಪಘಾತವಾಗಿ ಎಲ್ಲರ ಕಾಗದಗಳೂ ಮೇಜಿನ ಮೇಲೆ ಬಂದಾಗ. ಊರ್ಜಿತ ಲೈಸೆನ್ಸ್ ಇಲ್ಲದೆ ಓಡಿಸುವುದು ಅಲ್ಲಿ ದಂಡ ಕಟ್ಟಿ ಮರೆಯುವ ಉಲ್ಲಂಘನೆಯಲ್ಲ, ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದಾದ ಅಪರಾಧ. ಎದುರಿನವರ ನಷ್ಟವನ್ನು ವಿಮಾ ಕಂಪನಿ ತುಂಬಿಕೊಡುತ್ತದೆ, ಬಳಿಕ ಅದರಲ್ಲಿ 5,000 ಯೂರೋವರೆಗೆ ನಿಮ್ಮಿಂದ ವಸೂಲಿ ಮಾಡಬಹುದು. ನಿಮ್ಮ ಕಾರಿನ ನಷ್ಟ ತುಂಬಿಕೊಡಲು ಅದು ಒಪ್ಪದೆಯೂ ಇರಬಹುದು, ಮತ್ತು ಲೀಸ್ ಕಾರಿನಲ್ಲಿ ಆ ನಷ್ಟ ನೀವು ಬೇರೊಬ್ಬರಿಗೆ ಕೊಡಬೇಕಾದ ಸಾಲವಾಗಿ ನಿಲ್ಲುತ್ತದೆ. ಇನ್ನೊಂದು ಸಂಗತಿ ದಂಪತಿಗಳಿಗೆ ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ. ಲೈಸೆನ್ಸ್ ಇಲ್ಲದವರಿಗೆ ಓಡಿಸಲು ಬಿಟ್ಟ ವಾಹನಧಾರಕನೂ ಅದೇ ಕಲಮಿನ ಅಡಿ ಅಪರಾಧಿಯಾಗುತ್ತಾನೆ. ಕಾರು ನಿಮ್ಮ ಹೆಸರಿನಲ್ಲಿದ್ದು, ಮೇ ತಿಂಗಳ ನಂತರ ನಿಮ್ಮ ಪತ್ನಿ ಮಗಳನ್ನು ಶಾಲೆಗೆ ಬಿಡಲು ಅದನ್ನು ತೆಗೆದುಕೊಂಡು ಹೋದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ವಾಸದ ಪರವಾನಗಿಯನ್ನು ಮುಂದೆ ವಿಸ್ತರಿಸಿಕೊಳ್ಳಬೇಕಾದವರಿಗೆ ಇಂಥದೊಂದು ಪ್ರಕರಣ ಕಡತದಲ್ಲಿ ಕೂರುವುದು ಒಳ್ಳೆಯದಲ್ಲ.

ಹಾಗಾದರೆ ನಮ್ಮ ಲೈಸೆನ್ಸನ್ನು ನೇರವಾಗಿ ಬದಲಿಸಿ ಕೊಡುವುದಿಲ್ಲವೇ? ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾದಂಥ ಕೆಲವು ದೇಶಗಳ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಿಸಿಕೊಡುವ ಪಟ್ಟಿಯೊಂದು ಜರ್ಮನಿಯಲ್ಲಿದೆ, ಅದರಲ್ಲಿ ಭಾರತದ ಹೆಸರಿಲ್ಲ. ಆದ್ದರಿಂದ ನೀವು ಲಿಖಿತ ಪರೀಕ್ಷೆಯನ್ನೂ ರಸ್ತೆಯ ಪರೀಕ್ಷೆಯನ್ನೂ ಬರೆಯಬೇಕು. ಒಂದು ರಿಯಾಯಿತಿ ನಮಗೂ ಇದೆ: ಹೊಸದಾಗಿ ಕಲಿಯುವವರಿಗೆ ಕಡ್ಡಾಯವಾದ ತರಗತಿಗಳ ಗಂಟೆಗಳ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಆದರೂ ಪರೀಕ್ಷೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಅದರ ಶಿಕ್ಷಕರು ಜೊತೆಗಿದ್ದಾಗಲೇ ನಡೆಯಬೇಕಾದ್ದರಿಂದ ಸ್ಕೂಲಿಗೆ ಸೇರುವುದು ತಪ್ಪುವುದಿಲ್ಲ. ಕಣ್ಣಿನ ತಪಾಸಣೆಯ ಪತ್ರ, ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಯ ಪತ್ರ, ಲೈಸೆನ್ಸಿನ ಮಾನ್ಯ ಜರ್ಮನ್ ಅನುವಾದ, ಇವು ಅರ್ಜಿಯ ಜೊತೆಗೆ ಬೇಕು. ಅನುವಾದವನ್ನು ಅಲ್ಲಿಯ ಎಡಿಎಸಿ ಎಂಬ ವಾಹನ ಸವಾರರ ಸಂಘ ಮಾಡಿಕೊಡುತ್ತದೆ. ಮೊದಲ ವಾರದಲ್ಲೇ ಮಾಡಿಸಿಕೊಂಡು ಪರ್ಮಿಟ್ಟಿನ ಜೊತೆಗೆ ಕಾರಿನಲ್ಲೂ ಇಟ್ಟುಕೊಂಡರೆ ಎರಡೂ ಕೆಲಸಕ್ಕಾಯಿತು. ಲಿಖಿತ ಪರೀಕ್ಷೆಯಲ್ಲಿ 30 ಪ್ರಶ್ನೆ, ಇಂಗ್ಲಿಷಿನಲ್ಲಿ ಬರೆಯಬಹುದು. ರಸ್ತೆಯ ಪರೀಕ್ಷೆಗೆ 55 ನಿಮಿಷ. ಅರ್ಜಿ ಹಾಕಿ ಅನುಮತಿ ಬರಲು ಹಲವು ವಾರ, ಪರೀಕ್ಷೆಯ ದಿನಾಂಕಕ್ಕೆ ಮತ್ತೆ ಕೆಲವು ವಾರ ಹಿಡಿಯುವುದರಿಂದ ಆರು ತಿಂಗಳು ಕೇಳಲು ದೊಡ್ಡದಾದರೂ ಕೈಗೆ ಸಿಗುವುದು ಕಡಿಮೆ. ಪಾಠ, ಶುಲ್ಕ ಎಲ್ಲ ಸೇರಿ ಖರ್ಚು ಸಾವಿರ ಯೂರೋ ದಾಟುವುದು ಅಪರೂಪವಲ್ಲ. ಅದನ್ನು ಈಗಲೇ ಲೆಕ್ಕದಲ್ಲಿ ಹಿಡಿಯಿರಿ.

ಘಟ್ಟದಲ್ಲಿ ಹದಿಮೂರು ವರ್ಷ ಓಡಿಸಿದವನಿಗೆ ಪರೀಕ್ಷೆಯ ಭಯವೇ ಎಂದು ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಅರಬೈಲ್ ಘಟ್ಟದಲ್ಲಿ ಅದಿರಿನ ಲಾರಿಗಳ ನಡುವೆ ಸ್ಟಿಯರಿಂಗ್ ಹಿಡಿಯಲು ಕಲಿತ ನಾನು ಅಲ್ಲಿಯ ಮೊದಲ ರಸ್ತೆ ಪರೀಕ್ಷೆಯಲ್ಲಿ ಹನ್ನೆರಡನೆಯ ನಿಮಿಷಕ್ಕೆ ಫೇಲಾದೆ. ಮನೆಗಳ ನಡುವಿನ ಕಿರಿದಾದ ರಸ್ತೆ, ಫಲಕವಿಲ್ಲದ ಕೂಡುರಸ್ತೆ, ಬಲಗಡೆಯಿಂದ ನಿಧಾನವಾಗಿ ಬರುತ್ತಿದ್ದ ಒಂದು ಸಣ್ಣ ಕಾರು. ನನ್ನದು ನೇರ ರಸ್ತೆ, ಅಗಲವೂ ಹೆಚ್ಚು ಎಂದು ನಾನು ಮುಂದೆ ಹೋದೆ. ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು ಎಂಬುದು ಅಲ್ಲಿ ಅಕ್ಷರಶಃ ನಡೆಯುವ ನಿಯಮ. ತಮಾಷೆಯೆಂದರೆ ನಮ್ಮ 1989ರ ರಸ್ತೆ ನಿಯಮಾವಳಿಯಲ್ಲೂ ಮುಖ್ಯರಸ್ತೆಯಲ್ಲದ ಕಡೆ ಬಲಗಡೆಯವರಿಗೆ ದಾರಿ ಬಿಡಬೇಕೆಂದೇ ಬರೆದಿತ್ತು. ಶಿರಸಿಯ ಪೇಟೆಯಲ್ಲಿ ಅದನ್ನು ಪಾಲಿಸಿ ನಿಂತವನ ಹಿಂದೆ ಎಷ್ಟು ಹಾರ್ನ್ ಕೇಳಿಸುತ್ತದೆಂದು ನಿಮಗೇ ಗೊತ್ತು. ತಿರುವಿಗೂ ಪಥ ಬದಲಾವಣೆಗೂ ಮುನ್ನ ತಲೆ ತಿರುಗಿಸಿ ಭುಜದ ಹಿಂದೆ ನೋಡದಿರುವುದು, ಬಲಕ್ಕೆ ತಿರುಗುವಾಗ ಪಕ್ಕದಲ್ಲಿ ನೇರ ಹೋಗುವ ಸೈಕಲ್ಲಿಗೆ ದಾರಿ ಬಿಡದಿರುವುದು, ಗಂಟೆಗೆ 30 ಕಿ.ಮೀ. ಮಿತಿಯ ಪ್ರದೇಶದಲ್ಲಿ 38ರಲ್ಲಿ ಹೋಗುವುದು, ಅನುಭವಿಗಳು ಸೋಲುವುದು ಇಂಥ ಕಡೆಗಳಲ್ಲೇ. ಹೊಸಬನಿಗೆ ಕಲಿಯುವ ಕೆಲಸ ಮಾತ್ರ ಇರುತ್ತದೆ, ನಮಗೆ ಮರೆಯುವ ಕೆಲಸವೂ ಇರುತ್ತದೆ. ಕಡ್ಡಾಯವಲ್ಲದಿದ್ದರೂ ಏಳೆಂಟು ಪಾಠ ತೆಗೆದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನು ಲೀಸಿನ ವಿಷಯ. ‘ಬೇಡವಾದಾಗ ವಾಪಸ್ ಕೊಟ್ಟರಾಯಿತು’ ಎಂಬ ಒಂದು ವಾಕ್ಯ ನನ್ನ ಮೇಜಿನ ಮುಂದೆ ಎಷ್ಟು ಜನರನ್ನು ಕೂರಿಸಿತ್ತೋ ಲೆಕ್ಕವಿಲ್ಲ. ಲೀಸ್ ಎಂದರೆ ತಿಂಗಳ ಬಾಡಿಗೆಯಲ್ಲ. ನಿಮ್ಮ ಕಡೆ ಅಡಿಕೆ ತೋಟದ ಫಸಲು ಗುತ್ತಿಗೆ ಹಿಡಿಯುವವರನ್ನು ನೋಡಿದ್ದೀರಿ. ಗುತ್ತಿಗೆ ಮಾತಾಗಿ ಕಾಗದವಾದ ಮೇಲೆ, ಕೊಳೆರೋಗ ಬಂತು, ಧಾರಣೆ ಬಿತ್ತು, ಅರ್ಧಕ್ಕೆ ಬಿಡುತ್ತೇನೆ ಎಂದರೆ ತೋಟದವನು ಒಪ್ಪುತ್ತಾನೆಯೇ? 36 ತಿಂಗಳಿಗೆ ಸಹಿ ಹಾಕಿದರೆ 36 ತಿಂಗಳ ಕಂತಿಗೂ ನೀವು ಬದ್ಧರು. ಕೆಲಸ ಬದಲಾಯಿತು, ಕಂಪನಿ ವಾಪಸ್ ಕರೆಸಿಕೊಂಡಿತು, ವೀಸಾ ಮುಗಿಯಿತು ಎಂಬ ಕಾರಣಗಳಿಗೆ ನಡುವೆ ಕೈಬಿಡುವ ಹಕ್ಕು ಸಾಮಾನ್ಯ ಒಪ್ಪಂದದಲ್ಲಿ ಇರುವುದಿಲ್ಲ. ಉಳಿಯುವ ದಾರಿ ಎರಡು. ಕಂಪನಿಯ ಒಪ್ಪಿಗೆ ಪಡೆದು, ಒಪ್ಪಂದವನ್ನು ಅದೇ ಷರತ್ತುಗಳ ಮೇಲೆ ಬೇರೊಬ್ಬರಿಗೆ ವಹಿಸಿಕೊಡುವುದು ಒಂದು. ಅಂಥ ಗಿರಾಕಿಯನ್ನು ನೀವೇ ಹುಡುಕಬೇಕು, ಕಂಪನಿ ಅವರ ಆದಾಯವನ್ನು ಮತ್ತೆ ಪರೀಕ್ಷಿಸುತ್ತದೆ. ಉಳಿದ ಕಂತುಗಳ ದೊಡ್ಡ ಪಾಲನ್ನು ಒಟ್ಟಿಗೆ ತುಂಬಿ ಒಪ್ಪಂದ ರದ್ದು ಮಾಡಿಸಿಕೊಳ್ಳುವುದು ಮತ್ತೊಂದು. ಎರಡು ವರ್ಷಕ್ಕೆ ಹೋಗುವ ನೀವು ಮೂರು ವರ್ಷಕ್ಕೆ ಸಹಿ ಹಾಕಿದರೆ ಕೊನೆಯ ಹನ್ನೆರಡು ಕಂತನ್ನು, ಜಾಹೀರಾತಿನ ದರದಲ್ಲೇ ಹೇಳುವುದಾದರೆ 2,988 ಯೂರೋವನ್ನು, ಪಣಕ್ಕಿಟ್ಟ ಹಾಗೆ. ವಿಸ್ತರಣೆಯಾಗಬಹುದು ಎಂಬ ಬಾಯಿಮಾತನ್ನು ನಂಬಿ ಅಷ್ಟು ದೊಡ್ಡ ಜೂಜು ಆಡಬೇಡಿ.

ಗುತ್ತಿಗೆಯ ಹೋಲಿಕೆ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. ಧಾರಣೆ ಬಿದ್ದರೆ ನಷ್ಟ ಯಾರದು ಎಂಬುದನ್ನು ಮೊದಲೇ ಕೇಳುವುದು ತೋಟದ ವ್ಯವಹಾರದ ಬುದ್ಧಿ. ಜರ್ಮನಿಯಲ್ಲಿ ಲೀಸ್ ಮುಖ್ಯವಾಗಿ ಎರಡು ಬಗೆ. ಕಿಲೋಮೀಟರ್ ಲೀಸಿಂಗ್‌ನಲ್ಲಿ ನೀವು ಎಷ್ಟು ಓಡಿಸುತ್ತೀರಿ ಎಂಬುದರ ಮೇಲೆ ಲೆಕ್ಕ. ಕಾರಿನ ಮಾರುಕಟ್ಟೆ ಬೆಲೆ ಬಿದ್ದರೆ ಆ ನಷ್ಟ ಕಂಪನಿಯದು. ರೆಸ್ಟ್‌ವೇರ್ಟ್ ಲೀಸಿಂಗ್‌ನಲ್ಲಿ ಅವಧಿಯ ಕೊನೆಗೆ ಕಾರು ಇಂತಿಷ್ಟು ಬೆಲೆ ಬಾಳಬೇಕೆಂದು ಮೊದಲೇ ಬರೆದಿರುತ್ತಾರೆ. ಬಾಳದಿದ್ದರೆ ವ್ಯತ್ಯಾಸವನ್ನು ನೀವು ತುಂಬಬೇಕು. ಕಂತು ಕಡಿಮೆ ತೋರಿಸಲು ಕೊನೆಯ ಬೆಲೆಯನ್ನು ಹಿಗ್ಗಿಸಿ ಬರೆಯುವ ಅವಕಾಶ ಎರಡನೆಯದರಲ್ಲಿದೆ. ಪರದೇಶದಲ್ಲಿ ನೆಲೆಯೂರದ ವ್ಯಕ್ತಿ ಅದನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಗೆಳೆಯ ಕಳಿಸಿದ ಜಾಹೀರಾತು ಕಿಲೋಮೀಟರ್ ಬಗೆಯದ್ದು ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಮುಂಗಡದ 2,500 ಯೂರೋವನ್ನು 36ಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 69 ಯೂರೋ. ಅಂದರೆ ನಿಜವಾದ ಕಂತು 249 ಅಲ್ಲ, 318. ಕಾರನ್ನು ತಂದೊಪ್ಪಿಸುವ ಶುಲ್ಕವನ್ನು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಬೇರೆ ಹೇಳಿರುತ್ತಾರೆ, ಅದು ಇದರ ಮೇಲೆ. ಪೂರ್ಣ ವಿಮೆಯನ್ನು ಲೀಸ್ ಕಂಪನಿಗಳು ಕಡ್ಡಾಯ ಮಾಡುತ್ತವೆ, ಅದು ಮತ್ತೂ ಮೇಲೆ. ನಿಮ್ಮ ಅಪಘಾತರಹಿತ ಹದಿಮೂರು ವರ್ಷಕ್ಕೆ ಇಲ್ಲಿ ನೋ ಕ್ಲೈಮ್ ಬೋನಸ್ ಸಿಕ್ಕಿರಬಹುದು. ಅದನ್ನು ಲೆಕ್ಕಕ್ಕೆ ಹಿಡಿಯುವ ವಿಮಾ ಕಂಪನಿ ಅಲ್ಲಿ ವಿರಳ, ಹೆಚ್ಚಿನವರು ನಿಮ್ಮನ್ನು ಹೊಸ ಚಾಲಕರ ದರ್ಜೆಯ ಆಸುಪಾಸಿನಿಂದಲೇ ಆರಂಭಿಸುತ್ತಾರೆ. ಆದರೂ ಇಲ್ಲಿಯ ವಿಮಾ ಕಂಪನಿಯಿಂದ ಇಂಗ್ಲಿಷಿನಲ್ಲಿ ಪತ್ರವೊಂದನ್ನು ಪಡೆದುಕೊಂಡು ಹೋಗಿ, ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಕಿಲೋಮೀಟರ್ ಲೆಕ್ಕ ಇನ್ನೂ ಕಠಿಣ. ದಿನಕ್ಕೆ ಹೋಗಿಬರಲು 52 ಕಿ.ಮೀ., ವರ್ಷಕ್ಕೆ 220 ಕೆಲಸದ ದಿನ ಎಂದರೂ 11,440 ಕಿ.ಮೀ. ಆಯಿತು. ಸಂತೆ, ಮಗಳ ಶಾಲೆ, ವಾರಾಂತ್ಯದ ತಿರುಗಾಟ ಯಾವುದೂ ಸೇರದೆ, ಒಪ್ಪಂದದ 10,000 ಅಲ್ಲಿಗೇ ಮುಗಿಯಿತು. ಎಲ್ಲ ಸೇರಿ ವರ್ಷಕ್ಕೆ 16,000 ಎಂದುಕೊಂಡರೆ ಮೂರು ವರ್ಷಕ್ಕೆ 18,000 ಕಿ.ಮೀ. ಹೆಚ್ಚಾಗುತ್ತದೆ, ಹೆಚ್ಚುವರಿ ಕಿಲೋಮೀಟರಿಗೆ 10 ಸೆಂಟ್ ಎಂದು ಹಿಡಿದರೂ 1,800 ಯೂರೋ. ಮುಂಗಡ ಕೊಟ್ಟು ಕಂತು ಇಳಿಸಿಕೊಳ್ಳುವ ಯೋಚನೆಯನ್ನೂ ಬಿಡಿ. ಎರಡನೆಯ ತಿಂಗಳಲ್ಲಿ ಕಾರು ಕಳುವಾದರೆ ಅಥವಾ ಪೂರ್ತಿ ಜಖಂಗೊಂಡರೆ, ವಿಮೆ ಕೊಡುವ ಮಾರುಕಟ್ಟೆ ಬೆಲೆಗೂ ಲೀಸ್ ಕಂಪನಿಗೆ ಸಲ್ಲಬೇಕಾದ ಮೊತ್ತಕ್ಕೂ ಅಂತರ ಬೀಳುತ್ತದೆ. ಆ ಅಂತರವನ್ನು ತುಂಬುವ ಗ್ಯಾಪ್ ವಿಮೆ ಇದ್ದರೂ, ನೀವು ಕೊಟ್ಟ ಮುಂಗಡ ಅದರೊಳಗೆ ಸೇರಿರುತ್ತದೆಂಬ ಖಾತ್ರಿಯಿಲ್ಲ.

ಇಷ್ಟಾಗಿಯೂ ನಿಮಗೆ ಲೀಸ್ ಸಿಗುತ್ತದೆಯೇ ಎಂಬುದು ಬೇರೆ ಮಾತು. ಜರ್ಮನಿಯಲ್ಲಿ ಯಾರು ಸಾಲ ತೀರಿಸುತ್ತಾರೆ, ಯಾರು ತೀರಿಸುವುದಿಲ್ಲ ಎಂಬುದನ್ನು ದಾಖಲಿಸುವ ಷೂಫಾ ಎಂಬ ಸಂಸ್ಥೆಯಿದೆ, ನಮ್ಮ ಸಿಬಿಲ್ ಇದ್ದಂತೆ. ಮೊದಲ ವಾರದಲ್ಲಿ ಅಲ್ಲಿ ನಿಮ್ಮ ಹೆಸರಿನಲ್ಲಿ ಏನೂ ಇರುವುದಿಲ್ಲ. ಏನೂ ಇಲ್ಲದಿರುವುದು ಕೆಟ್ಟ ಹೆಸರಲ್ಲ, ಆದರೆ ಯಂತ್ರ ನಿರ್ಧರಿಸುವ ಕಡೆ ಅದು ಒಳ್ಳೆಯ ಹೆಸರೂ ಅಲ್ಲ. ಲೀಸ್ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಮೂರು ತಿಂಗಳ ಸಂಬಳದ ಚೀಟಿ, ಪರೀಕ್ಷಾರ್ಥ ಅವಧಿ ಮುಗಿದ ನೌಕರಿ, ಮತ್ತು ಲೀಸ್ ಮುಗಿಯುವ ದಿನಕ್ಕಿಂತ ಆಚೆಗೆ ಇರುವ ವಾಸದ ಪರವಾನಗಿ. ನಿಮ್ಮ ನೌಕರಿಯ ಒಪ್ಪಂದ ಭಾರತದ ಕಂಪನಿಯದು, ಪರವಾನಗಿ ಎರಡು ವರ್ಷದ್ದು. ಅರ್ಜಿ ತಿರಸ್ಕೃತವಾದರೆ ಅವಮಾನವೆಂದು ಭಾವಿಸಿ, ಸಿಟ್ಟಿಗೆ ದುಬಾರಿ ಕಂತಿನ ಇನ್ನೊಬ್ಬರ ಬಾಗಿಲಿಗೆ ಹೋಗಬೇಡಿ. ಕಾಗದ ನೋಡಿದವನ ದೃಷ್ಟಿಯಲ್ಲಿ ಆ ತಿರಸ್ಕಾರಕ್ಕೆ ಅರ್ಥವಿದೆ.

ಕಾರು ಮರಳಿಸುವ ದಿನದ ಬಗ್ಗೆ ನೀವು ಕೇಳಿಲ್ಲ, ಆದರೆ ಅದೇ ನನ್ನ ಕಸುಬಾಗಿತ್ತಾದ್ದರಿಂದ ಸ್ವಲ್ಪ ಹೇಳುತ್ತೇನೆ. ಮೂರು ವರ್ಷ ಬಳಸಿದ ಕಾರಿನಲ್ಲಿ ಸಹಜ ಸವಕಲು ಇರುತ್ತದೆ, ಅದಕ್ಕೆ ಹಣ ಕೇಳುವಂತಿಲ್ಲ. ಸವಕಲನ್ನು ಮೀರಿದ್ದು ಹಾನಿ, ಅದಕ್ಕೆ ಹಣ. ಗೆರೆ ಎಲ್ಲಿ ಎಂಬುದರ ಮೇಲೆಯೇ ಎಲ್ಲ ಜಗಳ. ಬಾಗಿಲ ಹಿಡಿಯ ಹಿಂದೆ ಉಗುರು ತಾಗಿದ ಗೀರು ಸವಕಲು. ಬಣ್ಣ ಕಿತ್ತು ಲೋಹ ಕಾಣುವ ಗೀರು ಹಾನಿ. ಫುಟ್‌ಪಾತಿಗೆ ಉಜ್ಜಿದ ಚಕ್ರದ ರಿಮ್ಮಿನ ಮೇಲೆ ನಾನು ಬರೆದಷ್ಟು ಟಿಪ್ಪಣಿ ಬೇರಾವುದರ ಮೇಲೂ ಬರೆದಿಲ್ಲ, ಏಕೆಂದರೆ ರಸ್ತೆಯ ಎಡಬದಿಯಲ್ಲಿ ಓಡಿಸಿ ಬೆಳೆದವರಿಗೆ ಕಾರಿನ ಬಲಮೈ ಎಲ್ಲಿ ಮುಗಿಯುತ್ತದೆಂಬ ಅಂದಾಜು ಮೊದಲ ವರ್ಷ ಸಿಗುವುದೇ ಇಲ್ಲ. ಒಳಗಡೆ ಮಕ್ಕಳ ಸೀಟು ಒತ್ತಿ ಕುಳಿತ ಗುರುತು, ಚೆಲ್ಲಿದ ಹಾಲಿನ ಕಲೆ. ಕಂಪನಿ ಹೇಳಿದ ಗ್ಯಾರೇಜಿನಲ್ಲಿ ಒಂದು ಸರ್ವಿಸ್ ತಪ್ಪಿದ್ದರೂ ಪ್ರಶ್ನೆ ಏಳುತ್ತದೆ. ಕಾರು ಪಡೆದ ದಿನವೇ ಹಗಲು ಬೆಳಕಿನಲ್ಲಿ ನಾಲ್ಕೂ ರಿಮ್, ಗಾಜು, ಛಾವಣಿ, ಸೀಟುಗಳ ಫೋಟೋ ತೆಗೆದಿಡುವವರು ನೂರಕ್ಕೆ ಹತ್ತು ಜನವೂ ಇರಲಿಲ್ಲ, ಅಂಥವರೊಡನೆ ನಮ್ಮ ಪರಿಶೀಲಕರು ವಾದಕ್ಕೇ ಇಳಿಯುತ್ತಿರಲಿಲ್ಲ. ಮರಳಿಸುವ ಎರಡು ತಿಂಗಳ ಮುನ್ನ ಸ್ವತಂತ್ರ ಪರಿಣತರಿಗೆ ಒಮ್ಮೆ ತೋರಿಸಿ, ಸಣ್ಣ ರಿಪೇರಿಗಳನ್ನು ಹೊರಗೆ ಮಾಡಿಸಿಕೊಂಡರೆ ಕಂಪನಿ ಹಾಕುವ ಬಿಲ್ಲಿಗಿಂತ ಕಡಿಮೆಗೆ ಮುಗಿಯುತ್ತದೆ. ಹಸ್ತಾಂತರದ ವರದಿಯಲ್ಲಿ ಒಪ್ಪದ ಸಾಲು ಕಂಡರೆ ಸಹಿ ಹಾಕಲೇಬೇಕಿಲ್ಲ. ಆಕ್ಷೇಪವನ್ನು ಅದರಲ್ಲೇ ಬರೆಸಿ.

ನಿಮ್ಮ ಸಂದರ್ಭಕ್ಕೆ ಇರುವ ಬೇರೆ ದಾರಿಗಳಲ್ಲಿ ಮೊದಲನೆಯದು ಕಂಪನಿಯ ಕಾರು. ಜರ್ಮನಿಯ ಕಚೇರಿ ತನ್ನ ಹೆಸರಿನಲ್ಲಿ ಲೀಸ್ ಪಡೆದು ನಿಮಗೆ ಕೊಟ್ಟರೆ ಷೂಫಾ, ಪರವಾನಗಿಯ ದಿನಾಂಕ, ಅವಧಿಗೆ ಮುನ್ನ ಮರಳಿಸುವ ಗೊಂದಲ ಎಲ್ಲ ಬಹುಮಟ್ಟಿಗೆ ಅವರ ತಲೆಗೆ ಹೋಗುತ್ತದೆ. ಬದಲಿಗೆ ತೆರಿಗೆ ಬೀಳುತ್ತದೆ: ಸ್ವಂತಕ್ಕೂ ಬಳಸುವ ಕಾರಿನ ಮೂಲ ಪಟ್ಟಿಬೆಲೆಯ ನೂರಕ್ಕೆ ಒಂದು ಪಾಲು ತಿಂಗಳಿಗೆ, ಜೊತೆಗೆ ಮನೆಯಿಂದ ಕಚೇರಿಗಿರುವ ಪ್ರತಿ ಕಿಲೋಮೀಟರಿಗೆ ಶೇ. 0.03, ನಿಮ್ಮ ಆದಾಯಕ್ಕೆ ಸೇರುತ್ತದೆ. 40,000 ಯೂರೋ ಪಟ್ಟಿಬೆಲೆಯ ಪೆಟ್ರೋಲ್ ಕಾರು, 26 ಕಿ.ಮೀ. ಎಂದರೆ ತಿಂಗಳಿಗೆ 712 ಯೂರೋ ಆದಾಯವೆಂದು ಗಣನೆಯಾಗಿ ಅದರ ಮೇಲೆ ತೆರಿಗೆ. ಅದೇ ಬೆಲೆಯ ವಿದ್ಯುತ್ ಕಾರಾದರೆ ಕಾಲು ಭಾಗ, 178 ಯೂರೋ. ನಿಯೋಜನೆಯ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಇದನ್ನು ಕೇಳಬೇಕು. ಹೋದ ಮೇಲೆ ಕೇಳಿದರೆ ‘ನೋಡೋಣ’ ಎನ್ನುತ್ತಾರೆ.

ಕಂಪನಿ ಕೊಡದಿದ್ದರೆ ಚಂದಾ ಕಾರು ಇದೆ, ಅಲ್ಲಿ ‘ಆಟೋ ಆಬೋ’ ಎನ್ನುತ್ತಾರೆ. ವಿಮೆ, ನೋಂದಣಿ, ತೆರಿಗೆ, ಋತುವಿಗೆ ತಕ್ಕ ಟೈರು ಎಲ್ಲ ಒಂದೇ ತಿಂಗಳ ಮೊತ್ತದಲ್ಲಿ ಸೇರಿರುತ್ತದೆ, ಆರು ತಿಂಗಳು, ಒಂದು ವರ್ಷದಂಥ ಸಣ್ಣ ಅವಧಿಗೂ ಸಿಗುತ್ತದೆ. ಮೊತ್ತ ಲೀಸಿನ ಕಂತಿಗಿಂತ ಹೆಚ್ಚು, ಅಪಘಾತವಾದರೆ ನಿಮ್ಮ ಕೈಯಿಂದ ಹೋಗುವ ಪಾಲೂ ದೊಡ್ಡದಿರಬಹುದು. ಕೆಲವರು ಐರೋಪ್ಯ ಲೈಸೆನ್ಸ್ ಇಲ್ಲದವರಿಗೆ ಕೊಡುವುದೇ ಇಲ್ಲ. ಮೂರನೆಯದು ಹಳೆಯ ಕಾರನ್ನು ಹಣ ಕೊಟ್ಟು ಕೊಳ್ಳುವುದು. ಎದುರಿನವರಿಗಾಗುವ ಹಾನಿಯ ವಿಮೆಯೊಂದೇ ಅದಕ್ಕೆ ಕಡ್ಡಾಯ, ಹೊರಡುವ ತಿಂಗಳು ಮಾರಿ ಹೋಗಬಹುದು, ಗೀರು ಬಿದ್ದರೆ ಬೇರೆ ಯಾರೂ ಕೇಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಗಬೇಕಾದ ವಾಹನ ತಪಾಸಣೆ ಇತ್ತೀಚೆಗೆ ಆಗಿರುವುದನ್ನು ನೋಡಿಕೊಂಡು ಕೊಳ್ಳಿ. ಎರಡು ವರ್ಷಕ್ಕೆಂದು ಹೋದ ನಮ್ಮವರಲ್ಲಿ ಕೊನೆಗೆ ನೆಮ್ಮದಿಯಿಂದ ವಿಮಾನ ಹತ್ತಿದವರು ಹೆಚ್ಚಾಗಿ ಇಂಥ ಹಳೆಯ ಕಾರಿನವರೇ.

ಆದ್ದರಿಂದ ನಿಮಗೆ ನನ್ನ ಸಲಹೆ ಇದು. ಆಗಸ್ಟ್‌ನಿಂದ ನವೆಂಬರ್‌ವರೆಗೆ ನೀವೊಬ್ಬರೇ ಇರುವಾಗ ಕಾರು ಬೇಡ. ದೇಶದ ಎಲ್ಲ ಪ್ರಾದೇಶಿಕ ರೈಲು, ಬಸ್ಸುಗಳಿಗೆ ಒಂದೇ ಮಾಸಿಕ ಟಿಕೆಟ್ ಅಲ್ಲಿದೆ. 2023ರಲ್ಲಿ 49 ಯೂರೋಗೆ ಆರಂಭವಾಗಿ 2025ರಲ್ಲಿ 58 ಆಯಿತು, ಮುಂದೆಯೂ ಏರಿದರೂ ಕಾರಿನ ಖರ್ಚಿನ ಮುಂದೆ ಅದು ಲೆಕ್ಕಕ್ಕಿಲ್ಲ. ಆ ಮೂರು ತಿಂಗಳನ್ನು ಲೈಸೆನ್ಸಿಗೆ ಮೀಸಲಿಡಿ: ಮನೆಗೆ ಹೋದ ಎರಡು ವಾರದೊಳಗೆ ವಾಸದ ನೋಂದಣಿ, ಅದೇ ವಾರ ಲೈಸೆನ್ಸಿನ ಅರ್ಜಿ, ನವೆಂಬರ್‌ಗೆ ಲಿಖಿತ ಪರೀಕ್ಷೆ. ಮನೆಯ ಒಪ್ಪಂದ ಇನ್ನೂ ಆಗಿಲ್ಲದಿದ್ದರೆ ರೈಲು ನಿಲ್ದಾಣಕ್ಕೆ ನಡೆದುಹೋಗುವ ದೂರದ ಮನೆಯನ್ನು, ಬಾಡಿಗೆ ತುಸು ಹೆಚ್ಚಾದರೂ, ಯೋಚಿಸಿ. ಕುಟುಂಬ ಬಂದ ಮೇಲೆ ಅಗತ್ಯವೆನಿಸಿದರೆ ಹಳೆಯ ಕಾರು ಅಥವಾ ಚಂದಾ ಕಾರು. ನಿಯೋಜನೆ ನಿಜವಾಗಿಯೂ ವಿಸ್ತರಣೆಯಾಗಿ ಕಾಗದ ಕೈಗೆ ಬಂದರೆ ಆಗ ಲೀಸ್ ನೋಡಬಹುದು, ಅದೂ ಪರವಾನಗಿಯ ದಿನಾಂಕದೊಳಗೆ ಮುಗಿಯುವ ಅವಧಿಗೆ.

ಕಾರು ಬಂದ ಮೇಲೆ ನೆನಪಿಡಬೇಕಾದವು ಹಲವಿದ್ದರೂ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ನಿಲ್ಲಿಸಿದ್ದ ಕಾರಿಗೆ ನಿಮ್ಮ ಕಾರು ಸಣ್ಣದಾಗಿ ತಾಗಿತು, ಮಾಲೀಕ ಕಾಣಲಿಲ್ಲ, ಸಭ್ಯತೆಯಿಂದ ವೈಪರ್ ಕೆಳಗೆ ಫೋನ್ ನಂಬರಿನ ಚೀಟಿ ಸಿಕ್ಕಿಸಿ ಹೋದಿರಿ. ಜರ್ಮನ್ ಕಾನೂನಿನ ಪ್ರಕಾರ ಅದು ಸ್ಥಳ ಬಿಟ್ಟು ಓಡಿಹೋದ ಅಪರಾಧವೇ. ಸಾಕಷ್ಟು ಹೊತ್ತು ಕಾಯಬೇಕು, ಯಾರೂ ಬಾರದಿದ್ದರೆ ಪೊಲೀಸರಿಗೆ ತಿಳಿಸಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ನಮ್ಮ ಗಾದೆಯನ್ನು ಆ ಚೀಟಿಯ ಪ್ರಕರಣಗಳಲ್ಲಿ ಬಹಳ ಸಲ ನೆನೆದಿದ್ದೇನೆ. ಉಳಿದಂತೆ, ಮಗಳಿಗೆ 12 ವರ್ಷ ತುಂಬುವವರೆಗೆ ಅಥವಾ ಎತ್ತರ 150 ಸೆಂ.ಮೀ. ಆಗುವವರೆಗೆ ಮಕ್ಕಳ ಸೀಟು ಕಡ್ಡಾಯ, ಮಡಿಲಲ್ಲಿ ಕೂರಿಸುವಂತಿಲ್ಲ. ಹಿಮ, ಮಂಜುಗಡ್ಡೆ ಬಿದ್ದ ರಸ್ತೆಗೆ ಪರ್ವತ ಮತ್ತು ಹಿಮಹರಳಿನ ಗುರುತಿರುವ ಟೈರೇ ಬೇಕು. 2024ರ ಅಕ್ಟೋಬರ್‌ನಿಂದ ಹಳೆಯ ಗುರುತಿನ ಟೈರುಗಳಿಗೆ ಮಾನ್ಯತೆಯಿಲ್ಲ.

ಶಿರಸಿ ಬಿಡುವ ಮುನ್ನ ಆಗಬೇಕಾದದ್ದು ಲೈಸೆನ್ಸಿನ ನವೀಕರಣ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಿಸಿಕೊಳ್ಳಲು 2019ರ ತಿದ್ದುಪಡಿಯ ನಂತರ ಅವಕಾಶವಿದೆ, ಆದ್ದರಿಂದ ಮಾರ್ಚಿಗೆ ಕಾಯಬೇಡಿ. ಅಲ್ಲಿ ಪರೀಕ್ಷೆ ಏಪ್ರಿಲ್‌ಗೆ ಸರಿದುಹೋಗಿ, ಅವಧಿ ಮೀರಿದ ಲೈಸೆನ್ಸ್ ಹಿಡಿದು ಕಚೇರಿಯ ಕಿಟಕಿಯಲ್ಲಿ ವಿವರಣೆ ಕೊಡುವ ಪ್ರಸಂಗ ಬರಬಾರದು. ನವೀಕರಣ ಮುಗಿದ ಮೇಲೆ ಪರ್ಮಿಟ್ಟಿಗೆ ಅರ್ಜಿ ಹಾಕಿ, ಏಕೆಂದರೆ ಪರ್ಮಿಟ್ ಮೂಲ ಲೈಸೆನ್ಸಿನ ಅವಧಿಯನ್ನು ದಾಟಿ ಹೋಗುವುದಿಲ್ಲ. ಹಳೆಯದರ ಮೇಲೆ ಮಾಡಿಸಿದರೆ ಅದೂ ಮಾರ್ಚಿಗೇ ಸಾಯುತ್ತದೆ. ಪತ್ನಿಯ ಪರ್ಮಿಟ್ಟನ್ನೂ ಮಾಡಿಸಿ, ಆದರೆ ಅವರು ಹೊರಡುವ ಹೊತ್ತಿಗೆ ಹತ್ತಿರವಾಗಿ. ಜರ್ಮನ್ ಲೈಸೆನ್ಸ್ ಕೊಡುವಾಗ ನಿಮ್ಮ ಕೆಎ-31ರ ಕಾರ್ಡನ್ನು ಅಲ್ಲಿ ಒಪ್ಪಿಸಬೇಕಾಗುತ್ತದೆ, ಹಾಗಾಗಿ ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಂಡು ಡಿಜಿಲಾಕರ್‌ಗೂ ಸೇರಿಸಿಕೊಂಡಿರಿ.